ವೈನಿ ಹಂಚಿದ ಗುಳಿಗೆ

ಮಂದಿ ಏನು ಬೇಕಾದರೂ ಹೇಳಲಿ, ನಮ್ಮ ವೈನಿ ಸತ್ತದ್ದು ಗುಳಿಗೆ ಹಂಚಿ. ತಂಬಾಕಿನ ಧೂಳು ಎಂದರು, ಕರೋನಾದ ಸೂಜಿ ಎಂದರು, ವಯಸ್ಸು ಎಂದರು. ಅವಳ ಮಗ ಯಾರೋ ಮಾಟ ಮಾಡಿಸಿದ್ದಾರೆ ಎಂದ. ಮಾಟ ಮಾಡಿಸುವಂಥ ಆಸ್ತಿ ಅವಳ ಹತ್ತಿರ ಏನಿತ್ತು? ಒಂದು ಮೊರ, ಒಂದು ಕತ್ತರಿ, ಬೇವಿನ ಗಿಡದ ನೆರಳು ಬೀಳುವ ಒಂದು ಕಟ್ಟೆ. ಸರ್ಕಾರ ಅವಳೊಬ್ಬಳಿಗೆ ಎಂದು ಕೊಟ್ಟ ಗುಳಿಗೆಯನ್ನು ಅವಳು ಇನ್ನೊಬ್ಬಳ ಜೊತೆ ಹಂಚಿಕೊಂಡು ತಿಂದಳು. ಇಬ್ಬರಿಗೂ ಸಾಲಲಿಲ್ಲ. ನಡೆದದ್ದು ಇಷ್ಟೇ.

ಅವಳು ನನಗೆ ನೆಂಟಳಲ್ಲ. ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ಅವಳು ಓಣಿಗೆಲ್ಲ ವೈನಿ. ಹಾಲು ಹಾಕುವವನಿಗೂ ವೈನಿ, ಬೀಡಿ ಕಾರ್ಖಾನೆಯ ಚೆಕ್ಕರನಿಗೂ ವೈನಿ, ಅವಳ ಸ್ವಂತ ಮಗನೇ ಸಿಟ್ಟು ಬಂದಾಗ “ಏ ವೈನಿ” ಎಂದು ಕೂಗುತ್ತಿದ್ದ. ಅವಳಿಗೆ ತಂದೆ ತಾಯಿ ಇಟ್ಟ ಹೆಸರು ನನಗೆ ಗೊತ್ತಾದದ್ದು ದವಾಖಾನೆಯಲ್ಲಿ ಬರೆಸುವಾಗ. ಅಲ್ಲಿಯವರೆಗೆ ಕೇಳುವ ಕೆಲಸವೇ ಬಿದ್ದಿರಲಿಲ್ಲ.

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಗಂಡಸರು ಕೆಲಸಕ್ಕೆ ಹೋದ ಮೇಲೆ ಹೆಂಗಸರು ವೈನಿಯ ಕಟ್ಟೆಗೆ ಬರುತ್ತಿದ್ದೆವು. ಎಲ್ಲರ ತೊಡೆಯ ಮೇಲೆ ಒಂದೊಂದು ಮೊರ. ಹಿಂದಿನ ದಿನ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆ. ಎಲೆಯ ಮೇಲೆ ಅಳತೆಯ ತಗಡು ಇಟ್ಟು ಸುತ್ತಲೂ ಕತ್ತರಿ ಆಡಿಸಬೇಕು, ತಂಬಾಕು ಹಾಕಿ ಸುತ್ತಬೇಕು, ದಾರ ಕಟ್ಟಿ ತುದಿಯನ್ನು ಉಗುರಿನಿಂದ ಒಳಗೆ ಮಡಚಬೇಕು. ವೈನಿ ತನ್ನ ಕೈಯನ್ನು ನೋಡುತ್ತಲೇ ಇರಲಿಲ್ಲ. ರಸ್ತೆ ನೋಡುತ್ತಿದ್ದಳು. ಯಾರು ಹೋದರು, ಯಾರ ಮನೆಗೆ ಬೀಗರು ಬಂದರು, ಯಾವ ಟ್ರ್ಯಾಕ್ಟರಿನಲ್ಲಿ ಕಬ್ಬು ಜಾಸ್ತಿ ಹೇರಿದ್ದಾರೆ, ಎಲ್ಲ ಅವಳ ಕಣ್ಣಿಗೆ. ಕೈ ತನ್ನ ಪಾಡಿಗೆ ತಾನು. ನಾನು ನೋಡಿ ಸುತ್ತಿದರೂ ನನ್ನ ಬೀಡಿ ಹೊಟ್ಟೆ ಉಬ್ಬಿದ ಹಾಗೆ ಬರುತ್ತಿತ್ತು.

“ತಂಗಿ, ನಿನ್ನ ಬೀಡಿ ಬಸರಾಗೇತಿ ನೋಡು” ಎಂದು ನಗುತ್ತಿದ್ದಳು. ಮುಂದಿನ ಹಲ್ಲು ಎರಡು ಹೋಗಿದ್ದವು. ಅದಕ್ಕೆ ನಗುವಾಗ ಸೆರಗು ಬಾಯಿಗೆ ಬರುತ್ತಿತ್ತು. ನಗು ಬಂದಾಗ ಸರಿ, ಸುಳ್ಳು ಹೇಳುವಾಗಲೂ ಸೆರಗು ಬಾಯಿಗೆ ಬರುತ್ತಿತ್ತು. ಅದು ನನಗೆ ಮಾತ್ರ ಗೊತ್ತಿತ್ತು.

ಚಹಾ ಒಬ್ಬಳೇ ಕುಡಿದದ್ದನ್ನು ನಾನು ಕಂಡಿಲ್ಲ. ಕಪ್ಪಿನಲ್ಲಿ ಎಷ್ಟೇ ಇರಲಿ, ಅರ್ಧ ಬಸಿ ತಟ್ಟೆಗೆ ಸುರಿದು ಪಕ್ಕದವಳ ಕಡೆ ಸರಿಸುವುದು. “ಬ್ಯಾಡ” ಅಂದರೆ “ಜಾವೂ ದೇ ಗ” ಎಂದು ಮರಾಠಿಯಲ್ಲಿ ಅನ್ನುವಳು. ಹೋಗಲಿ ಬಿಡೇ ಎಂದು ಅರ್ಥ. ಗಂಡ ಕುಡಿದು ಸತ್ತಾಗಲೂ ಅದನ್ನೇ ಅಂದಳು, ರೇಶನ್ ಅಂಗಡಿಯ ಮಷೀನು ಅವಳ ಹೆಬ್ಬೆಟ್ಟು ಹಿಡಿಯದಾಗಲೂ ಅದನ್ನೇ ಅಂದಳು. ಜೀವಮಾನವೆಲ್ಲ ಎಲೆ ತಿಕ್ಕಿ ತಿಕ್ಕಿ ನಮ್ಮ ಬೆರಳಿನ ಗೆರೆಗಳು ಹೋಗಿವೆ. ಅಂಗಡಿಯವನು ಒರೆಸಿ ಒರೆಸಿ ಒತ್ತಿಸಿದ. ಮಷೀನು ಇವಳು ಯಾರೋ ಗೊತ್ತಿಲ್ಲ ಅಂದಿತು.

“ನನ್ನ ಬೆರಳ ಇಲ್ಲಿ ಎಲ್ಲಿ ಹುಡುಕತಿಯೋ? ಎಲ್ಲಾ ಬೀಡಿ ಕಟ್ಟಿನ ಜೋಡಿ ಹೋಗ್ಯಾವ. ಸೇದಾವರನ್ನ ಕೇಳು” ಎಂದಳು ವೈನಿ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅಕ್ಕಿ ಮಾತ್ರ ಆ ದಿನ ಸಿಗಲಿಲ್ಲ.

ಕಟ್ಟೆಯ ಮೇಲೆ ಒಂದು ರೂಢಿ ಇತ್ತು. ಸಂಜೆ ಮಾಲು ಕೊಡುವ ಹೊತ್ತಿಗೆ ಯಾರದಾದರೂ ಕಟ್ಟು ಕಡಿಮೆ ಬಿದ್ದರೆ, ಉಳಿದವರು ತಮ್ಮ ಮೊರದಿಂದ ತೆಗೆದು ಅವಳ ಮೊರಕ್ಕೆ ಹಾಕಬೇಕು. ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಇವತ್ತು ನಿನ್ನದು, ನಾಳೆ ನನ್ನದು. ನನ್ನ ಕೈಗೆ ಪ್ಲಾಸ್ಟರ್ ಹಾಕಿದಾಗ ನನ್ನ ಮೊರವೂ ಹಾಗೇ ತುಂಬಿತು. ಈ ರೂಢಿಯನ್ನು ಎಲ್ಲರೂ ಪಾಲಿಸುತ್ತಿದ್ದೆವು, ವೈನಿಗೆ ಮಾತ್ರ ಅದು ಚಟ. ತನ್ನದು ತುಂಬುವ ಮೊದಲೇ ಪಕ್ಕದ ಮೊರ ನೋಡುವಳು.

ಪಕ್ಕದ ಮೊರ ಸುನಂದಾಳದು. ಸುನಂದಾ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಹತ್ತಿರದ ಭೋಜ ಊರಿನಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಬೇವಿನ ಟೊಂಗೆಗೆ ಸೀರೆ ಕಟ್ಟಿ ಕೂಸನ್ನು ಮಲಗಿಸಿ, ಒಂದು ಕಾಲಿನಿಂದ ತೂಗುತ್ತ ಬೀಡಿ ಸುತ್ತುವಳು. ಕೂಸು ಅತ್ತರೆ ಏಳುವಳು, ಮಲಗಿದರೆ ಕೂರುವಳು. ಅವಳ ಕಟ್ಟು ದಿನಾ ಕಡಿಮೆ. ಅದಕ್ಕೆ ಸರಿಯಾಗಿ ಅವಳ ಅತ್ತೆ ಬಾಯಿ ಜೋರು. ವೈನಿ ಏನೂ ಅನ್ನದೆ ತನ್ನ ಮೊರವನ್ನು ಅವಳ ಮೊರಕ್ಕೆ ತಾಗಿಸಿ ಓರೆ ಮಾಡುವಳು.

ಕೆಮ್ಮು ನಮ್ಮೆಲ್ಲರಿಗೂ ಇತ್ತು. ತಂಬಾಕು ಹಿಡಿಯುವ ಮನೆಯಲ್ಲಿ ಕೆಮ್ಮದೆ ಯಾರಿದ್ದಾರೆ? ಆದ್ದರಿಂದ ವೈನಿಯ ಕೆಮ್ಮನ್ನು ಯಾರೂ ಕೆಮ್ಮು ಎಂದು ತಿಳಿಯಲಿಲ್ಲ. ರವಿಕೆಯ ತೋಳು ಸಡಿಲಾಗಿ ಜೋತಾಡಲು ಶುರುವಾದ ಮೇಲೆ ನಾನು ಅವಳನ್ನು ಎಳೆದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿಸಿದೆ. ಕಫದ ಪರೀಕ್ಷೆಯ ಮಷೀನು ಅಲ್ಲಿ ಇದೆ ಎಂದು ಆಶಾ ಕಾರ್ಯಕರ್ತೆ ಹೇಳಿದ್ದಳು. ಲ್ಯಾಬಿನಲ್ಲಿ ಒಬ್ಬ ಇದ್ದ, ಸಣಕಲ ಮನುಷ್ಯ, ಮೂಗಿನ ಮೇಲೆ ಮಾಸ್ಕು. ಬಿಗಿ ಮುಚ್ಚಳದ ಸಣ್ಣ ಡಬ್ಬಿ ಕೊಟ್ಟ.

“ಎದೀ ಒಳಗಿಂದ ಕೆಮ್ಮಿ ತಗೀರಿ. ಬರೇ ಉಗುಳು ಬ್ಯಾಡ್ರಿ.”

“ಎದೀ ಒಳಗಿಂದ ಬಂತೋ ಬಾಯಾಗಿಂದ ಬಂತೋ ನನಗ ಹೆಂಗ ತಿಳೀಬೇಕ್ರಿ ಸಾಹೇಬ್ರ? ಬಂದದ್ದ ಕೊಡತೀನಿ.”

ಡಬ್ಬಿ ಕೊಟ್ಟು ಹೊರಗೆ ಬಂದು ನೋಡಿದರೆ ಅದೇ ಮನುಷ್ಯ ಕಾಂಪೌಂಡಿನ ಹಿಂದೆ ನಿಂತು ಬೀಡಿ ಹಚ್ಚಿದ್ದ.

“ಅಗಬಾಯಿ! ಮಂದಿ ಎದೀ ನೋಡಾಂವ ನೀನ ಬೀಡಿ ಸೇದಿದ್ರ ಹೆಂಗ?”

ಅವನು ಬೀಡಿಯನ್ನು ಬೆನ್ನ ಹಿಂದೆ ಮಾಡಿದ. “ನೀವು ಸುತ್ತೂದ ಬಿಡ್ರಿ, ನಾ ಸೇದೂದ ಬಿಡತೀನಿ.”

“ಸೇದು ಸೇದು. ಕಟ್ಟಿದ್ದರ ಚಂದ ಐತೇನ ನೋಡ್ಕೊಂಡ ಸೇದು” ಎಂದಳು ವೈನಿ. ಕೆಮ್ಮುತ್ತಲೇ ನಕ್ಕಳು.

ಟಿಬಿ ಎಂದು ಬಂತು. ಆದರೆ ಹೆದರಬೇಡಿ, ಮಷೀನು ಸಾದಾ ಗುಳಿಗೆಗೇ ಇದು ಬಗ್ಗುತ್ತದೆ ಅಂದಿದೆ, ಆರು ತಿಂಗಳು ದಿನಾ ತಪ್ಪದೆ ತಿನ್ನಿ ಎಂದ ಅವನು. ದಿನಾ ಎಂಬ ಮಾತನ್ನು ಮೂರು ನಮೂನೆಯಲ್ಲಿ ಹೇಳಿದ. ವೈನಿ ಗೋಣು ಹಾಕಿದಳು.

ಆಶಾ ಕಾರ್ಯಕರ್ತೆ ಗುಳಿಗೆಯ ಪಟ್ಟಿ ತಂದು ಕೊಡುವಳು, ಮುಂದಿನ ಸಲ ಬಂದಾಗ ಖಾಲಿ ಪಟ್ಟಿ ನೋಡುವಳು. ಪಟ್ಟಿ ಖಾಲಿ ಇರುತ್ತಿತ್ತು. ಖಾಲಿಯಾದದ್ದು ಯಾರ ಬಾಯಿಗೆ ಎಂದು ಖಾಲಿ ಪಟ್ಟಿ ಹೇಳುವುದಿಲ್ಲ. ಮೊದಲು ವೈನಿಗೆ ಸ್ವಲ್ಪ ಚಲೋ ಆಯಿತು. ಹಸಿವೆ ಬಂತು, ಜ್ವರ ಬಿಟ್ಟಿತು. ಆಮೇಲೆ ಮತ್ತೆ ಜ್ವರ. ಮಳೆಗಾಲ ಮುಗಿದು ಕಬ್ಬು ಕಡಿಯುವ ಗ್ಯಾಂಗುಗಳು ಬರುವ ಹೊತ್ತಿಗೆ ಅವಳು ಕೂತಲ್ಲಿಂದ ಏಳಲು ನೆಲಕ್ಕೆ ಕೈ ಊರುತ್ತಿದ್ದಳು.

ಮತ್ತೆ ಚಿಕ್ಕೋಡಿ. ಮತ್ತೆ ಡಬ್ಬಿ. ಈ ಸಲ ಮಷೀನು ಬೇರೆ ಮಾತು ಹೇಳಿತು. ಲ್ಯಾಬಿನವನು ನಮ್ಮನ್ನು ಒಳಗೆ ಕರೆದು ಕೂರಿಸಿದಾಗಲೇ ನನಗೆ ಗೊತ್ತಾಯಿತು. ಒಳ್ಳೆಯ ಸುದ್ದಿಯನ್ನು ಸರ್ಕಾರಿ ದವಾಖಾನೆಯಲ್ಲಿ ನಿಂತೇ ಹೇಳುತ್ತಾರೆ.

“ಗುಳಿಗಿ ತಿಂದೀರಿಲ್ರಿ?”

“ತಿಂದೀನ್ರಿ.”

“ತಿಂದ ಮ್ಯಾಲ ಉಚ್ಚಿ ಕೆಂಪಗ ಬರತಿತ್ತೇನು? ಆ ಗುಳಿಗಿ ತಿಂದ್ರ ಬರಬೇಕದು.”

“ಬರತಿತ್ತಲ್ರಿ! ಒಂದಿನ ಕೆಂಪ ಬರತಿತ್ತು, ಮರುದಿನ ಎಂದಿನಂಗ.”

ಅವನು ಪೆನ್ನು ಕೆಳಗಿಟ್ಟ. “ಮರುದಿನ ಯಾಕ ಎಂದಿನಂಗ?”

ಆಗ ವೈನಿಗೆ ತಾನು ಏನು ಹೇಳಿದೆ ಎಂದು ತಿಳಿಯಿತು. ಸೆರಗು ಬಾಯಿಗೆ ಹೋಯಿತು. “ಏನೋ ಅಪ್ಪಾ. ನನ್ನ ಉಚ್ಚಿ ನನ್ನ ಮಾತ ಕೇಳೂದಿಲ್ಲ.”

ಅವನು ನಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿರಿ ಎಂದು ಅವಳನ್ನು ಕಳಿಸಿದ. ನಾನು ಏಳಲಿಲ್ಲ.

“ಏನಾಗೇತಿ ಹೇಳಪಾ” ಎಂದೆ. “ತಿಳಿಯೂ ಹಂಗ ಹೇಳು. ನಾ ಸಾಲಿ ಕಲ್ತದ್ದು ಬರೇ ಮೂರನೆತ್ತಿ.”

ಅವನಿಗೆ ಬೇಸರವಿತ್ತೋ, ಸುಸ್ತಾಗಿತ್ತೋ, ಹೇಳಿದ್ದು ಮಾತ್ರ ಸಮಾಧಾನದಿಂದಲೇ. “ಟಿಬಿ ಜಂತು ಅಂದ್ರ ಒಂದ ಜೀವ ರೀ, ಆಯಿ. ಕಣ್ಣಿಗೆ ಕಾಣದಷ್ಟ ಸಣ್ಣದು. ಅದರ ಹೊಟ್ಟ್ಯಾಗ ಒಂದ ದಾರ ಇರತೈತಿ. ಎರಡ ಎಳಿ ಹೊಸೆದ ದಾರ, ಡಿಎನ್‌ಎ ಅಂತಾರ. ತುದಿ ತುದಿ ಕೂಡಿ ಬಳಿಯಂಗ ಆಗಿರತೈತಿ. ನಮ್ಮ ಮೈಯಾಗೂ ಅಂಥ ದಾರ ಐತಿ, ಆದ್ರ ನಮ್ಮದು ಡಬ್ಬ್ಯಾಗ ಮುಚ್ಚಿಟ್ಟಂಗ ಇರತೈತಿ. ಜಂತಿಂದು ಡಬ್ಬಿ ಇಲ್ಲ, ಏನಿಲ್ಲ. ಹಂಗ ಸುತ್ತಿ ಸುತ್ತಿ ಮುದ್ದಿಯಾಗಿ ಬಿದ್ದಿರತೈತಿ.”

“ಅದರ ಕೆಲಸ ಏನು?”

“ಎಲ್ಲಾ ಕೆಲಸ ಅದರದ. ಜಂತು ಏನ ತಿನಬೇಕು, ಮೈ ಹೆಂಗ ಕಟ್ಟಬೇಕು, ಒಂದ ಇದ್ದದ್ದ ಎರಡ ಹೆಂಗ ಆಗಬೇಕು, ಎಲ್ಲಾ ಆ ದಾರದಾಗ ಬರದೈತಿ. ಎರಡ ಆಗೂ ಮೊದಲ ಆ ದಾರಾನ ನಕಲ ಮಾಡ್ಕೊಂಡು ಇಬ್ಬರಿಗೂ ಒಂದೊಂದ ಕೊಡತೈತಿ.”

ನಾನು ಸೊಂಟದ ಚೀಲದಿಂದ ನನ್ನ ಅಳತೆಯ ತಗಡನ್ನು ತೆಗೆದು ಮೇಜಿನ ಮೇಲಿಟ್ಟೆ. “ಇದರಂಗ ಅನ್ನು. ಇದನ್ನ ಇಟ್ಟ ಎಲಿ ಕತ್ತರಸ್ತೀವಿ ನಾವು.”

ಅವನು ತಗಡನ್ನು ತಿರುಗಿಸಿ ನೋಡಿದ. “ಇದರ ಒಂದ ಮೂಲಿ ಸೊಟ್ಟಾದ್ರ?”

“ಕತ್ತರಿಸಿದ ಎಲಿ ಎಲ್ಲಾ ಸೊಟ್ಟ.”

“ಅಷ್ಟರಿ. ಜಂತಿನ ಒಳಗ ಒಬ್ಬ ಕೆಲಸದಾಂವ ಇರತಾನಂತ ತಿಳೀರಿ. ದಾರದಾಗ ಬರದದ್ದನ್ನ ಓದಿ ಓದಿ ಕೆಲಸಕ್ಕ ಚೀಟಿ ಬರಕೊಡಾಂವ. ನಮ್ಮ ಕೆಂಪ ಗುಳಿಗಿ ಹೋಗಿ ಅವನ ಕೈಯಾಗ ಸಿಕ್ಕೊಂಡ ಕೂಡತೈತಿ. ಚೀಟಿ ನಿಂತ್ವು, ಜಂತು ಸತ್ತಿತು. ಈಗ ಏನಾಗೇತಿ, ಆ ಕೆಲಸದಾಂವನ್ನ ಮಾಡೂ ತಗಡ ಎಲ್ಲೋ ಒಂದ ಕೂದಲೆಳಿಯಷ್ಟ ಬದಲಾಗೇತಿ. ಅವನ ಕೈ ಸೊಟ್ಟಾಗೇತಿ. ಗುಳಿಗಿ ಅಲ್ಲಿ ಕೂಡವಲ್ಲದು. ಮಷೀನು ದಾರದ ಅದ ಜಾಗಾ ಹುಡುಕಿ ಓದತೈತಿ. ಮೊದಲ ಸಲ ನೆಟ್ಟಗಿತ್ತು. ಈಗಿಲ್ಲ.”

“ಗುಳಿಗಿನ ಸೊಟ್ಟ ಮಾಡಿತೇನು?”

“ಇಲ್ರಿ. ಕೋಟಿಗಟ್ಟಲೆ ಜಂತು ನಕಲ ಮಾಡುವಾಗ ಎಲ್ಲೋ ಒಂದರದು ತಾನ ತಪ್ಪತೈತಿ. ಎಲ್ಲಾ ಗುಳಿಗಿ ಕೂಡಿ ದಿನಾ ಬಿದ್ರ ಒಂದಕ್ಕ ಬಗ್ಗದ್ದು ಇನ್ನೊಂದಕ್ಕ ಸಾಯತೈತಿ. ದಿನ ಬಿಟ್ಟ ದಿನ ತಿಂದ್ರ ನೆಟ್ಟಗಿದ್ದಾವೆಲ್ಲ ಸತ್ತು ಸೊಟ್ಟದ್ದೊಂದ ಉಳೀತೈತಿ. ಆಮ್ಯಾಲ ಮನಿ ತುಂಬ ಅದರ ಮಕ್ಕಳ.”

ನಮ್ಮ ಚೆಕ್ಕರ್ ಸೊಟ್ಟ ಬೀಡಿಯನ್ನು ಆರಿಸಿ ಬಿಸಾಡಿ ಚಲೋದನ್ನು ಇಟ್ಟುಕೊಳ್ಳುತ್ತಾನೆ. ವೈನಿಯ ಎದೆಯಲ್ಲಿ ಕೂತ ಚೆಕ್ಕರ್ ಇದರ ಉಲ್ಟಾ ಮಾಡಿದ್ದ. ನನಗೆ ತಿಳಿದದ್ದು ಅಷ್ಟು, ಮತ್ತು ಅಷ್ಟು ಸಾಕಾಗಿತ್ತು. ಅಂಗಡಿಯ ಮಷೀನಿಗೆ ಇವಳ ಹೆಬ್ಬೆಟ್ಟು ಓದಲಾಗಲಿಲ್ಲ. ಈ ಮಷೀನು ಅವಳ ಎದೆಯೊಳಗಿನ ಜಂತಿನ ಒಂದು ಕೂದಲೆಳೆಯ ಗುರುತು ಹಿಡಿಯಿತು.

“ಆಕಿ ಅರ್ಧಾ ಗುಳಿಗಿ ಯಾರಿಗೋ ಕೊಟ್ಟಾಳ್ರಿ” ಎಂದ ಅವನು. “ಅವರನ್ನ ಕರ್ಕೊಂಡ ಬರ್ರಿ. ಅವರದೂ ಸೊಟ್ಟಾಗಿರಬಹುದು. ಇದಕ್ಕ ಬ್ಯಾರೆ ಗುಳಿಗಿ ಅದಾವ, ಲಗೂ ಬಂದ್ರ ಉಳೀತಾರ. ವೈನಿಯವರ ಎದಿ ಆಗಲೇ ಜರಡಿ ಆಗೇತಿ. ಅವರಿಗೂ ಕೊಡತೀವಿ. ಆದ್ರ ನಾ ನಿಮಗ ಸುಳ್ಳ ಹೇಳೂದಿಲ್ಲ.”

ಬಸ್ಸಿನಲ್ಲಿ ವೈನಿ ಕಿಟಕಿಯಿಂದ ಕಬ್ಬಿನ ಗಾಡಿ ನೋಡುತ್ತ ಕೂತಿದ್ದಳು. ಮರುದಿನ ಮಧ್ಯಾಹ್ನ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದಾಗ, ಎಲೆ ಕತ್ತರಿಸುತ್ತ ಕೇಳಿದೆ.

“ಯಾರಿಗ ಕೊಟ್ಟಿ?”

“ಏನ?”

“ಗುಳಿಗಿ. ನನ್ನ ಮುಂದ ಬಾಯಿಗೆ ಸೆರಗ ತರಬ್ಯಾಡ.”

ಬಿದ್ದ ಎಲೆಯ ಚೂರು ಆರಿಸಿ ಮೊರಕ್ಕೆ ಹಾಕಿದಳು. ಆಮೇಲೆ, ಮೊರ ಓರೆ ಮಾಡಿದಷ್ಟೇ ಸಲೀಸಾಗಿ, “ಸುನಂದಾಗ” ಅಂದಳು.

ಸುನಂದಾಗೂ ಅದೇ ಕೆಮ್ಮು, ಅದೇ ಸಂಜೆ ಜ್ವರ, ಕಫದಲ್ಲಿ ಕೆಂಪು ಎಳೆ. ದವಾಖಾನೆಗೆ ಹೋದರೆ ಹೆಸರು ಬರೆದುಕೊಳ್ಳುತ್ತಾರೆ, ಮನೆಗೆ ಬರುತ್ತಾರೆ, ಅತ್ತೆಗೆ ಗೊತ್ತಾಗುತ್ತದೆ. ನಮ್ಮ ಓಣಿಯಲ್ಲೇ ಹಿಂದೆ ಒಬ್ಬ ಸೊಸೆಗೆ ಹೀಗಾದಾಗ ಅವಳನ್ನು ತವರಿಗೆ ಕಳಿಸಿ ಕೂಸನ್ನು ಇಟ್ಟುಕೊಂಡಿದ್ದರು. ಆ ಹುಡುಗಿ ಮತ್ತೆ ಬರಲಿಲ್ಲ. ಅದನ್ನು ನೆನೆದು ಸುನಂದಾ ವೈನಿಯ ಮುಂದೆ ಅತ್ತಳಂತೆ. ಅತ್ತ ಮೇಲೆ ವೈನಿಗೆ ಗೊತ್ತಿದ್ದ ದಾರಿ ಒಂದೇ. ಒಂದು ದಿನ ನನಗೆ, ಒಂದು ದಿನ ನಿನಗೆ.

“ಇದೇನ ಬೀಡಿ ಕಟ್ಟೇನ ಬೇ, ಕಡಿಮಿ ಬಿದ್ದಲ್ಲಿ ಹಾಕಾಕ?” ಎಂದೆ. “ಅಂವ ದಿನಾ ಅಂದ್ರ ದಿನಾ ಅಂದಿದ್ನಿಲ್ಲೋ?”

“ಅಂದಿದ್ದ. ನನಗ ಚಲೋ ಆಗಾಕತ್ತಿತ್ತಲ್ಲ. ಆಕಿಗೂ ಆಗಲಿ ಅಂದ್ನಿ.”

“ಆಗಲಿಲ್ಲ.”

“ಆಗಲಿಲ್ಲ” ಎಂದಳು ಅವಳೂ. ಸಿಟ್ಟಿರಲಿಲ್ಲ. ಆಮೇಲೆ ನನ್ನ ಕತ್ತರಿಯ ಕೈ ಹಿಡಿದಳು. “ತಂಗಿ, ಆಕಿ ಹೆಸರ ಯಾರ ಮುಂದೂ ತಗೀಬ್ಯಾಡ. ನನ್ನ ಮ್ಯಾಲ ಆಣಿ ಮಾಡು.”

“ಆಣಿ ಗೀಣಿ ಮಾಡಾಕಿ ನಾನಲ್ಲ.”

“ನೀ ಮಾಡದಿದ್ರ ನಡೀತೈತಿ. ಮಾಡಿದಿ ಅಂತ ನಾ ತಿಳಕೊಂತೀನಿ” ಎಂದು ಕೈ ಬಿಟ್ಟಳು. ಅವಳ ಜೊತೆ ವಾದ ಮಾಡುವುದು ಹೀಗೇ ಮುಗಿಯುತ್ತಿತ್ತು.

ನಾನು ಸುನಂದಾಳನ್ನು ನಳದ ಹತ್ತಿರ ಹಿಡಿದೆ. ಕೊಡ ತುಂಬುವವರೆಗೆ ಮಾತು.

“ಚಿಕ್ಕೋಡಿಗೆ ನಡಿ.”

“ನನಗ ಏನೂ ಇಲ್ಲ ಆಯಿ. ಕೆಮ್ಮ ನಿಂತೈತಿ.”

“ನಿಂತದ್ದಲ್ಲ ಅದು, ಹೊಂಚ ಹಾಕಿ ಕೂತದ್ದು. ವೈನಿಗೂ ಹಂಗ ನಿಂತಿತ್ತು.”

“ಕೂಸಿನ್ನ ಇಟ್ಕೊಂಡ ಕಳಸಿದ್ರ ನೀವ ಬರತೀರೇನ ಬಿಡಿಸ್ಕೊಂಡ ಬರಾಕ?” ಎಂದಳು. ಕೊಡ ಎತ್ತಿಕೊಂಡು ಹೋದಳು. ಆಮೇಲೆ ಎರಡು ಸಲ ಅವಳನ್ನು ತಡೆದೆ. ಎರಡು ಸಲವೂ ತಲೆ ತಗ್ಗಿಸಿ ಪಕ್ಕದಿಂದ ಜಾರಿದಳು.

ವೈನಿಗೆ ಹೊಸ ಗುಳಿಗೆ ಬಂದವು. ಈ ಸಲ ನಾನೇ ಎದುರಿಗೆ ಕೂತು ನುಂಗಿಸಿದೆ. ನುಂಗಿದ ಮೇಲೆ ಬಾಯಿ ತೆಗೆಸಿ ನೋಡಿದೆ. “ಪೊಲೀಸ್ ಆಗಬೇಕಿತ್ತ ನೀ” ಎನ್ನುವಳು. ಹೊಟ್ಟೆ ತೊಳಸುವುದು, ಕಾಲು ಜುಮ್ಮೆನ್ನುವುದು, ಬಾಯಿಗೆ ಏನೂ ಸೇರದು. ದವಾಖಾನೆಯಿಂದ ಫೋನು ಮಾಡಿ ಕೇಳುತ್ತಿದ್ದರು. ಅವರು ಮಾಡಬೇಕಾದದ್ದನ್ನು ಮಾಡಿದರು. ಗುಳಿಗೆಯೂ ತನ್ನ ಕೆಲಸ ಮಾಡುತ್ತಿತ್ತೇನೋ. ಆದರೆ ಉಸಿರಾಡಲು ಅವಳಲ್ಲಿ ಎದೆಯೇ ಉಳಿದಿರಲಿಲ್ಲ. ಕಟ್ಟೆಗೆ ಬರುವುದನ್ನು ಹೆಂಗಸರು ಬಿಟ್ಟರು. ಅದನ್ನು ನಾನು ತಪ್ಪು ಅನ್ನುವುದಿಲ್ಲ, ಮನೆಯಲ್ಲಿ ಮಕ್ಕಳಿದ್ದವು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದೆ, ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟು ಕೂರುತ್ತಿದ್ದೆ. ಕೊನೆಕೊನೆಗೆ ಅವಳು ಮಲಗಿಯೇ ಬೆರಳು ಆಡಿಸುತ್ತಿದ್ದಳು, ಎಲೆ ಇಲ್ಲ, ತಂಬಾಕಿಲ್ಲ, ಸುತ್ತುವುದು, ಮಡಚುವುದು. ನೋಡಲು ನನಗೆ ಬೇಸರವಾಗುತ್ತಿತ್ತು. ಒಂದು ದಿನ “ಸಾಕ ಮಾಡು, ಮಾಲ ತುಂಬೇತಿ” ಎಂದೆ. ನಿಲ್ಲಿಸಿದಳು.

ಸತ್ತದ್ದು ಹಗಲು ಹೊತ್ತಿನಲ್ಲಿ, ಮಗ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಲು ಹೋದಾಗ. ಅವನು ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಬಂದ. ಸಂಜೆಯೊಳಗೆ ಮಣ್ಣು ಮಾಡಿದರು.

ಓಣಿಯ ಹೆಂಗಸರೆಲ್ಲ ಬಂದಿದ್ದರು, ದೂರ ದೂರ ಕೂತಿದ್ದರು. ವೈನಿ ಎಂಥ ಕೈಯವಳು, ಯಾರಿಗೂ ಇಲ್ಲ ಅಂದವಳಲ್ಲ ಎಂದು ಎಲ್ಲರೂ ಹೇಳಿ ಅತ್ತರು. ನಾನು ಅಳಲಿಲ್ಲ. ನನಗೆ ಸುಸ್ತಾಗಿತ್ತು. ಸುನಂದಾ ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ಅಳುತ್ತಿದ್ದಳು. ಅಳುತ್ತ ಅಳುತ್ತ ಕೆಮ್ಮು ಹತ್ತಿತು. ತಡೆಯಲು ನೋಡಿದಳು, ಕುತ್ತಿಗೆಯ ನರ ಉಬ್ಬಿದವು, ತಡೆಯಲಾಗಲಿಲ್ಲ. ಕೂಸಿನ ತಲೆಯ ಮೇಲೇ ಕೆಮ್ಮಿದಳು. ಆ ಕೆಮ್ಮು ನನಗೆ ಪರಿಚಯದ್ದು. ವರ್ಷವೆಲ್ಲ ಪಕ್ಕದಲ್ಲಿ ಕೂತು ಕೇಳಿದ್ದು. ಅವಳ ಅತ್ತೆ ಆ ಕಡೆ ನೋಡಿ, “ತಂಬಾಕ ಕೆಮ್ಮ, ಕಷಾಯ ಕುಡಿ ಅಂದ್ರ ಕುಡಿಯೂದಿಲ್ಲ” ಎಂದು ಪಕ್ಕದವಳಿಗೆ ಹೇಳಿದಳು.

ಮರುದಿನ ಬೆಳಿಗ್ಗೆ ನಾನು ಚಹಾ ಕುಡಿಯದೆ ಅವರ ಮನೆಗೆ ಹೋದೆ. ಅತ್ತೆ ಬಾಗಿಲ ಮುಂದೆ ಪಾತ್ರೆ ತಿಕ್ಕುತ್ತಿದ್ದಳು.

“ಯಾಕ್ರಿ ಅಕ್ಕಾರ, ಇಷ್ಟ ಲಗೂ?”

“ನಿನ್ನ ಸೊಸಿಗೆ ವೈನಿಗಿದ್ದ ಕೆಮ್ಮ ಐತಿ” ಎಂದೆ. “ಇಬ್ಬರೂ ಒಂದ ಪಟ್ಟಿ ಗುಳಿಗಿ ಹಂಚಕೊಂಡ ತಿಂದಾರ. ಒಬ್ಬಾಕಿನ್ನ ನಿನ್ನೆ ಮಣ್ಣಾಗ ಇಟ್ಟ ಬಂದೇವಿ.”

ಅವಳು ತಿಕ್ಕುತ್ತಲೇ ಇದ್ದಳು. ತಪ್ಪಲೆ ಬೆಳ್ಳಗಾಗಿತ್ತು, ಆದರೂ ತಿಕ್ಕುತ್ತಿದ್ದಳು. ಆಮೇಲೆ ಬಾಯಿ ಬಿಟ್ಟಳು. “ಕಳ್ಳಿ! ನನ್ನ ಮನ್ಯಾಗ ಇದ್ದು ನನಗ ಹೇಳಲಿಲ್ಲ! ಇವತ್ತ ಭೋಜಕ್ಕ ಕಳಸ್ತೀನಿ. ಅವರಪ್ಪ ನೋಡ್ಕೊಳ್ಳಿ. ಕೂಸಿನ್ನ ನಾ ಸಾಕತೀನಿ.”

“ಕಳಸು. ಕಳಸೂಕಿಂತ ಮೊದಲ ನಿನ್ನ ಎದೀ ತೋರಿಸ್ಕೊ, ನಿನ್ನ ಮಗಂದೂ ತೋರಸು. ಆಕಿ ಮಾಡಿದ ರೊಟ್ಟಿ ತಿಂದ್ರ ಬರೂ ಜಡ್ಡಲ್ಲ ಇದು. ಆಕಿ ಕೆಮ್ಮಿದ ಗಾಳಿ ಈ ಮನ್ಯಾಗ ತುಂಬೇತಿ. ಆಕಿನ್ನ ಕಳಿಸಿದ್ರ ಗಾಳಿನೂ ಭೋಜಕ್ಕ ಹೊಕ್ಕೈತೇನು?”

ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ನಾನು ದನಿ ಇಳಿಸಲಿಲ್ಲ. ಮುಚ್ಚಿಟ್ಟದ್ದರಿಂದ ಆದದ್ದು ಸಾಕಾಗಿತ್ತು.

“ಗುಳಿಗಿ ಅದಾವ” ಎಂದೆ. “ಪೂರಾ ತಿಂದ್ರ ಉಳೀತಾಳ. ನೀ ಹೊರಗ ಹಾಕಿದ್ರ ನನ್ನ ಮನ್ಯಾಗ ಇಟ್ಕೊಂತೀನಿ, ಆದ್ರ ಕೂಸಿನ್ನೂ ಜೋಡಿನ ಕರ್ಕೊಂಡ ಹೋಗತೀನಿ. ಕೂಸಿಗೂ ತೋರಸಬೇಕು.”

“ಕೂಸಿಗೂ?” ಎಂದಳು. ಕೈಯಲ್ಲಿದ್ದ ನಾರು ನಿಂತಿತು.

“ನಿನ್ನೆ ಅದರ ತಲಿ ಮ್ಯಾಲ ಕೆಮ್ಮಿದ್ದು ನೀನೂ ನೋಡಿದಿ.”

ಅವಳು ಎದ್ದಳು. ಕೈ ತೊಳೆದುಕೊಂಡು ಒಳಗೆ ಹೋದಳು. ಟ್ರಂಕು ತೆರೆದ ಸಪ್ಪಳವಾಯಿತು. ಸೊಸೆಯ ಸೀರೆ ಕಟ್ಟಿ ಹೊರಗೆ ಒಗೆಯುತ್ತಾಳೆ ಎಂದುಕೊಂಡೆ. ಸುನಂದಾ ಬಾಗಿಲ ಹಿಂದಿನಿಂದ ಬಂದಳು, ಮುಖ ಬಿಳಿಚಿತ್ತು.

“ಹೇಳೂದಿಲ್ಲ ಅಂದಿದ್ರಲ್ಲ ವೈನಿ.”

“ವೈನಿ ಹೇಳಿಲ್ಲ. ನಾ ಹೇಳೀನಿ.”

ಅತ್ತೆ ಹೊರಗೆ ಬಂದಳು. ತಾನೇ ಪೇಟೆಗೆ ಹೋಗುವ ಸೀರೆ ಉಟ್ಟಿದ್ದಳು. “ಬಸ್ ಎಷ್ಟಕ್ಕೈತಿ?” ಎಂದು ನನ್ನನ್ನು ಕೇಳಿದಳು, ಸೊಸೆಯ ಕಡೆ ನೋಡಲಿಲ್ಲ.

ಚಿಕ್ಕೋಡಿಯ ಬಸ್ಸು ಹತ್ತಿದೆವು. ಅತ್ತೆ ಒಂದು ಸೀಟಿನಲ್ಲಿ, ಸುನಂದಾ ಮೂಗಿಗೆ ಸೆರಗು ಕಟ್ಟಿಕೊಂಡು ಕಿಟಕಿಯ ಹತ್ತಿರ, ನಾನು ನಡುವೆ. ಲ್ಯಾಬಿನವನು ನನ್ನನ್ನು ನೋಡಿ ವೈನಿ ಎಲ್ಲಿ ಎಂದು ಕೇಳಲಿಲ್ಲ. ಅವನಿಗೆ ಫೋನು ಹೋಗಿತ್ತು. ಚೀಟಿ ಎಳೆದುಕೊಂಡು ಸುನಂದಾಳ ಕಡೆ ನೋಡಿದ.

“ಹೆಸರೇನ್ರಿ?”

ಅವಳು ನೆಲ ನೋಡುತ್ತ ನಿಂತಳು. ಅವನು ಮತ್ತೆ ಕೇಳಿದ. ನಾನು ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಬಂತು.

“ಸುನಂದಾ ಅಂತ ಬರಕೋರಿ. ನಮ್ಮ ಸೊಸಿ.”

ಅವನು ಬರೆದುಕೊಂಡು ಡಬ್ಬಿ ಮುಂದೆ ಹಿಡಿದ. ಸುನಂದಾಳ ಎರಡೂ ಕೈಯಲ್ಲಿ ಕೂಸು ಇತ್ತು. ನಾನು ಕೂಸನ್ನು ಇಸಿದುಕೊಂಡೆ.